ಓಲ್ಡ್ ಫೇತ್‌ಫುಲ್: ಹೋಗಿ ಬರುವುದಾ, ಉಳಿಯುವುದಾ?

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪಕ್ಕದ ಊರು ವೆಸ್ಟ್ ಯೆಲ್ಲೋಸ್ಟೋನ್‌ನಿಂದ ಉದ್ಯಾನದೊಳಗಿನ ಬಿಸಿನೀರಿನ ಚಿಮ್ಮುಬುಗ್ಗೆ ಓಲ್ಡ್ ಫೇತ್‌ಫುಲ್‌ಗೆ ಚಳಿಗಾಲದಲ್ಲಿ ಸ್ನೋಮೊಬೈಲ್‌ನಲ್ಲಿ (ಹಿಮದ ಮೇಲೆ ಓಡುವ ಸಣ್ಣ ಮೋಟಾರು ವಾಹನ) ಒಂದೇ ದಿನದಲ್ಲಿ ಹೋಗಿ ಬರಬಹುದಾ, ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ರಾತ್ರಿ ಎಲ್ಲಿ ಉಳಿಯಬೇಕು ಅಂತ ಕೇಳಿದ್ದೀರಿ.

ಹೋಗಿ ಬರಬಹುದು. ಒಂದು ಕಡೆಗೆ ಸುಮಾರು 48 ಕಿ.ಮೀ. ಅಷ್ಟೇ. ಆದರೂ ಒಂದು ರಾತ್ರಿ ಉಳಿಯಿರಿ ಅಂತಲೇ ಹೇಳುತ್ತೇನೆ. ಹಗಲಿನ ಗುಂಪುಗಳು ಹಿಂತಿರುಗಿದ ಮೇಲೆ ಅಲ್ಲಿನ ನಿಶ್ಶಬ್ದವೇ ಬೇರೆ. ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಆ ಹಬೆ ಅಕ್ಕಪಕ್ಕದ ಮರಗಳ ಮೇಲೆ ಹೆಪ್ಪುಗಟ್ಟಿ, ಬೆಳಗಾಗುವಷ್ಟರಲ್ಲಿ ಕೊಂಬೆಕೊಂಬೆಯೂ ಬೆಳ್ಳಗಾಗಿರುತ್ತದೆ. 1904ರ ಹಳೆಯ ಹೋಟೆಲು ‘ಓಲ್ಡ್ ಫೇತ್‌ಫುಲ್ ಇನ್’ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹಾಗಾಗಿ ಉಳಿಯಲು ಅಲ್ಲಿರುವುದು ಸ್ನೋ ಲಾಡ್ಜ್ ಮಾತ್ರ. ಕೋಣೆಯನ್ನು ತಿಂಗಳುಗಳ ಮುಂಚೆಯೇ ಕಾದಿರಿಸಿ. ಸ್ನೋಮೊಬೈಲ್ ಪ್ರವಾಸಗಳು ಹೆಚ್ಚಾಗಿ ಹಗಲಿನವೇ ಆದ್ದರಿಂದ, ಉಳಿಯುವುದಾದರೆ ಸ್ನೋಕೋಚ್‌ನಲ್ಲಿ (ಹಿಮದ ಮೇಲೆ ಓಡುವ ವ್ಯಾನ್ ಅಥವಾ ಬಸ್ಸು) ಹೋಗುವುದು ಸುಲಭ.

ದಾರಿಯಲ್ಲಿ ಮ್ಯಾಡಿಸನ್ ಜಂಕ್ಷನ್‌ನ ಬೆಚ್ಚನೆಯ ಗುಡಿಸಲಲ್ಲಿ ಕೈ ಕಾಯಿಸಿಕೊಳ್ಳಿ. ಅಲ್ಲಿಂದ ಮುಂದೆ ಫೈರ್‌ಹೋಲ್ ನದಿ. ಬಿಸಿನೀರು ಸೇರುವುದರಿಂದ ಸುತ್ತ ಹಿಮವಿದ್ದರೂ ಹರಿಯುತ್ತಲೇ ಇರುತ್ತದೆ. ಫೌಂಟನ್ ಪೇಂಟ್ ಪಾಟ್‌ನಲ್ಲಿ ಕುದಿಯುವ ಕೆಸರನ್ನು ತಪ್ಪದೇ ನೋಡಿ. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಣ್ಣಬಣ್ಣದ ಬಿಸಿನೀರಿನ ಬುಗ್ಗೆಯ ಬಣ್ಣಕ್ಕಾಗಿ ಮಾತ್ರ ಚಳಿಗಾಲದಲ್ಲಿ ಆಸೆಪಡಬೇಡಿ, ಬಹುಪಾಲು ಹಬೆಯೇ ಕಾಣುವುದು.

ಕಾಡೆಮ್ಮೆಗಳು (ಅಮೆರಿಕದ ಬೈಸನ್) ಗಟ್ಟಿಯಾದ ಹಿಮದ ರಸ್ತೆಯಲ್ಲೇ ನಡೆದು ಬರುತ್ತವೆ. ಕನಿಷ್ಠ 23 ಮೀಟರ್ ದೂರ ಇರಬೇಕು, ಮಾರ್ಗದರ್ಶಕರು ಹೇಳುವವರೆಗೆ ಮುಂದೆ ಹೋಗಬೇಡಿ. ಓಡಿಸುವವರಿಗೆ ಚಾಲನಾ ಪರವಾನಗಿ ಕಡ್ಡಾಯ. ವೃತ್ತಿಪರ ಮಾರ್ಗದರ್ಶಕರಿಲ್ಲದೆ ಸ್ವಂತ ಗುಂಪಿನಲ್ಲಿ ಹೋಗಬೇಕೆಂದರೆ ಲಾಟರಿಯಲ್ಲಿ ಅನುಮತಿ ಸಿಗಬೇಕು. ಅರ್ಜಿ ಸೆಪ್ಟೆಂಬರ್‌ನಲ್ಲೇ ಹಾಕಬೇಕಾಗುತ್ತದೆ.