ಸುರಂಗದೊಳಗೆ ನೀಲಿ ದೀಪ ಯಾಕೆ?

ಪ್ರಶ್ನೆ: ನಾರ್ವೆಯ ಉದ್ದ ಸುರಂಗವೊಂದರಲ್ಲಿ ನೀಲಿ ದೀಪ ಹಾಕಿರುವ ಫೋಟೊ ನೋಡಿದೆ. ಸುಮ್ನೆ ಅಂದಕ್ಕಾ?

ಉತ್ತರ: ಅಂದಕ್ಕಲ್ಲ. ಅದು ಲಾರ್ಡಾಲ್ ಸುರಂಗ ಇರಬೇಕು. 2000ರಲ್ಲಿ ಓಡಾಟಕ್ಕೆ ತೆರೆಯಿತು, ಉದ್ದ 24.5 ಕಿ.ಮೀ., ದಾಟಲು ಸುಮಾರು 20 ನಿಮಿಷ ಬೇಕು. ಅಷ್ಟು ಹೊತ್ತು ಅದೇ ಗೋಡೆ, ಅದೇ ಬೆಳಕು ನೋಡುತ್ತಾ ಹೋದರೆ ಎಂಥ ಡ್ರೈವರ್‌ಗೂ ಮಂಪರು ಹತ್ತುತ್ತದೆ, ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ, ಅಲ್ವಾ? ಅದಕ್ಕೇ ಮನಶ್ಶಾಸ್ತ್ರಜ್ಞರನ್ನೂ ಕೇಳಿ, ಸುಮಾರು 6 ಕಿ.ಮೀ.ಗೊಂದರಂತೆ ಮೂರು ಅಗಲವಾದ ಗುಹೆ ಕೊರೆದರು. ಮೇಲೆಲ್ಲ ನೀಲಿ ಬೆಳಕು, ಬುಡದಲ್ಲಿ ಹಳದಿ. ಥೇಟ್ ಬೆಳಗಿನ ಜಾವದ ಆಕಾಶ. ಬೇಕಿದ್ದರೆ ಗಾಡಿ ನಿಲ್ಲಿಸಿ ಸುಧಾರಿಸಿಕೊಳ್ಳಬಹುದು. ಗೆರೆ ದಾಟಿದರೆ ಚಕ್ರದಡಿ ಗಡಗಡ ಸದ್ದು ಮಾಡುವ ಪಟ್ಟಿ ಬೇರೆ ಇದೆ. ‘ನಿದ್ದೆ ಮಾಡಬೇಡಿ’ ಅನ್ನೋ ಬೋರ್ಡಿಗಿಂತ ಇದು ಎಷ್ಟೋ ವಾಸಿ ಅಂತ ನನ್ನ ಲೆಕ್ಕ.