ವಿಜಯಪುರದಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಲು ರಾತ್ರಿ ಹೊರಡುವುದು ಒಳ್ಳೆಯದಾ? ಏನೇನು ನೋಡಿಕೊಳ್ಳಬೇಕು?

ರಾತ್ರಿ ಬೇಡ. ನಸುಕಿನಲ್ಲಿ, ಐದರ ಸುಮಾರಿಗೆ ಹೊರಡಿ. ದಾರಿ 500 ಕಿ.ಮೀ. ಮೀರುತ್ತದೆ. ಆದರೂ ಕತ್ತಲಾಗುವ ಮೊದಲೇ ಮುಟ್ಟಬಹುದು.

ರಾತ್ರಿ ಟ್ರಾಫಿಕ್ ಕಮ್ಮಿ, ನಿಜ. ಆದರೆ ಚಳಿಗಾಲ ಅಂದರೆ ನಮ್ಮ ಕಡೆ ಕಬ್ಬಿನ ಹಂಗಾಮು. ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು ರಾತ್ರಿಯಿಡೀ ಓಡಾಡುತ್ತವೆ. ಎಷ್ಟೋ ಟ್ರೇಲರ್‌ಗಳ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಎದುರಿನ ಗಾಡಿಯ ಹೈಬೀಮ್ ಕಣ್ಣಿಗೆ ಹೊಡೆದಾಗ ಮುಂದಿನ ಕಬ್ಬಿನ ಹೊರೆ ಕಾಣುವುದೇ ಇಲ್ಲ. 80ರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಬ್ರೇಕ್ ಹಾಕಲು ಜಾಗ ಎಲ್ಲಿ ಉಳಿಯುತ್ತದೆ?

ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ಹಾಕಿಸಿ. ಎಷ್ಟು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಬಿಸಿಲು ಅಂತ ಗಾಳಿ ಕಮ್ಮಿ ಮಾಡಿಸುವವರಿದ್ದಾರೆ. ಸುಮ್ನೆ ಅಪಾಯ. ಗಾಳಿ ಕಮ್ಮಿಯಾದರೆ ಟೈರ್ ಜಾಸ್ತಿ ಬಾಗಿ ಬಾಗಿ ಇನ್ನಷ್ಟು ಕಾಯುತ್ತದೆ, ಸಿಡಿಯುವುದೂ ಅದಕ್ಕೇ. ಸ್ಟೆಪ್ನಿಯನ್ನೂ ನೋಡಿ.

ಇಳಕಲ್ಲಿನಲ್ಲೋ ಹೊಸಪೇಟೆಯಲ್ಲೋ ನಿಲ್ಲಿ. ಗಡದ್ದಾಗಿ ರೊಟ್ಟಿ ಊಟ ಮಾಡಿದರೆ ನಿದ್ದೆ ಖಂಡಿತ. ಕಿಟಕಿ ತೆಗೆದರೂ, ಹಾಡು ಹಾಕಿದರೂ ಅದು ಹೋಗಲ್ಲ, 20 ನಿಮಿಷ ಮಲಗಿಬಿಡಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಹೆದ್ದಾರಿಯಲ್ಲಿ ತೊಂದರೆಯಾದರೆ 1033ಕ್ಕೆ ಫೋನ್ ಮಾಡಿ.