ಟವರ್ ಒಳಗೇ ಸಬ್‌ವೂಫರ್ ಇದ್ದರೆ: ಹೋಮ್ ಥಿಯೇಟರ್ ಪ್ರಶ್ನೋತ್ತರ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರದ ಕಾಫಿ ತೋಟದ ಹಳೇ ಮನೆ. ಹೆಂಚಿನ ಮಾಡು, ಒಳಗೆ ಹಲಗೆ ಮುಚ್ಚಿಗೆ. ಹಾಲ್ 18 ಅಡಿ ಉದ್ದ, 12 ಅಡಿ ಅಗಲ. ಟಿವಿ ಅಗಲದ ಗೋಡೆಗೆ, ಸೋಫಾ ಎದುರಿನ ಗೋಡೆಗೆ ಒರಗಿಸಿದೆ. ಬೆಂಗಳೂರಿನಲ್ಲಿರುವ ತಮ್ಮ ಮನೆ ಬದಲಿಸುವಾಗ ಒಂದು ಜೊತೆ ಟವರ್ ಸ್ಪೀಕರ್ (ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್) ಕೊಟ್ಟ. ಎರಡರ ಒಳಗೂ ತಗ್ಗು ಸದ್ದಿನ ಸ್ಪೀಕರ್, ಅಂದರೆ ಸಬ್‌ವೂಫರ್ ಇದೆ, ಎರಡಕ್ಕೂ ಕರೆಂಟ್ ಪ್ಲಗ್ ಇದೆ. ಸ್ಪೀಕರ್‌ಗಳನ್ನೆಲ್ಲ ನಡೆಸುವ ಡೆನಾನ್ ರಿಸೀವರ್‌ನಿಂದ ಸ್ಪೀಕರ್ ವೈರೂ ಎಳೆದಿದ್ದೇವೆ, ಸಬ್‌ವೂಫರ್ ಔಟ್‌ನಿಂದ ಕೇಬಲ್ಲೂ ಹಾಕಿದ್ದೇವೆ. ಸಿನಿಮಾ ಹಾಕಿದರೆ ಬರೀ ಗುಂಯ್ ಅನ್ನುತ್ತೆ, ಮಾತೇ ಕೇಳಿಸಲ್ಲ. ಮಳೆಗಾಲದಲ್ಲಿ ಇನ್ನೂ ಕಷ್ಟ. ಇವನ್ನು ಮಾರಿ ಬೇರೆ ಸಬ್‌ವೂಫರ್ ತಗೊಳ್ಳಲಾ ಸರ್?

ಉತ್ತರ: ದಯವಿಟ್ಟು ಮಾರಬೇಡಿ. ನೀವು ಬರೆದದ್ದು ನೋಡಿದರೆ ತೊಂದರೆ ಇರುವುದು ಸ್ಪೀಕರ್‌ನಲ್ಲಿ ಅಲ್ಲ, ರಿಸೀವರ್ ಮೆನುವಿನಲ್ಲಿ ಮತ್ತು ಸೋಫಾ ಇಟ್ಟ ಜಾಗದಲ್ಲಿ.

ಮೊದಲು ಮೆನು. ಇಂಥ ಟವರ್‌ಗೆ ಬಾಸ್ (ತಗ್ಗು ಸದ್ದು) ಹೋಗಲು ಎರಡು ದಾರಿ ಇವೆ. ಸ್ಪೀಕರ್ ವೈರಿನಲ್ಲೇ ಹೋಗಬಹುದು, ಇಲ್ಲವೇ ಸಬ್‌ವೂಫರ್ ಕೇಬಲ್‌ನಲ್ಲಿ ಹೋಗಬಹುದು. ಎರಡರಲ್ಲೂ ಒಟ್ಟಿಗೆ ಹೋದರೆ ಅದೇ ಬಾಸ್ ಎರಡು ಸಲ ಬಂದು ಗುಂಯ್‌ಗುಡುತ್ತೆ. ಡೆನಾನ್ ಮೆನುವಿನಲ್ಲಿ ‘ಎಲ್‌ಎಫ್‌ಇ ಪ್ಲಸ್ ಮೇನ್’ ಅಂತ ಒಂದು ಆಯ್ಕೆ ಇದೆ (ಎಲ್‌ಎಫ್‌ಇ ಅಂದರೆ ಸಿನಿಮಾದಲ್ಲಿ ಬಾಸ್‌ಗೇ ಮೀಸಲಾದ ಚಾನೆಲ್). ಅದು ಆನ್ ಆಗಿದ್ದರೆ ಆಗುವುದು ಇದೇ. ಯಮಹಾದಲ್ಲಿ ಇದಕ್ಕೆ ‘ಎಕ್ಸ್‌ಟ್ರಾ ಬಾಸ್’ ಅಂತಾರೆ, ಆಂಕಿಯೊದಲ್ಲಿ ‘ಡಬಲ್ ಬಾಸ್’. ನೀವು ಅದನ್ನು ಬರೀ ‘ಎಲ್‌ಎಫ್‌ಇ’ಗೆ ಬದಲಿಸಿ. ಫ್ರಂಟ್ ಸ್ಪೀಕರ್ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಬಾಸ್ ಬೇರೆಯಾಗುವ ಗಡಿ) 80 ಹರ್ಟ್ಸ್ ಇಡಿ; ಹರ್ಟ್ಸ್ ಕಡಿಮೆಯಾದಷ್ಟೂ ಸದ್ದು ತಗ್ಗು. ಇಷ್ಟು ದೊಡ್ಡ ಟವರ್‌ಗೆ ‘ಸ್ಮಾಲ್’ ಅನ್ನುವುದು ವಿಚಿತ್ರ ಅನ್ನಿಸಬಹುದು. ಅದು ಗಾತ್ರದ ಮಾತಲ್ಲ. 80ರ ಕೆಳಗಿನ ಸದ್ದನ್ನು ಯಾವ ದಾರಿಯಲ್ಲಿ ಕಳಿಸಬೇಕು ಅಂತ ರಿಸೀವರ್‌ಗೆ ಹೇಳುವುದು, ಅಷ್ಟೇ. ಮೈಕ್ ಇಟ್ಟು ಆಟೋ ಸೆಟಪ್ ಮಾಡಿದಾಗ ರಿಸೀವರ್ ಇಂಥ ಟವರನ್ನು ತಾನಾಗಿ ‘ಲಾರ್ಜ್’ ಅಂತ ಬರೆದುಕೊಳ್ಳುವುದು ಜಾಸ್ತಿ, ಆಮೇಲೆ ಕೈಯಿಂದ ತಿದ್ದಬೇಕು.

ಕೆಲವು ಟವರ್‌ಗಳಿಗೆ ಸಬ್‌ವೂಫರ್ ಕೇಬಲ್ ಹಾಕುವ ತೂತೇ ಇರುವುದಿಲ್ಲ, ಸ್ಪೀಕರ್ ವೈರ್ ಒಂದೇ. ಅಂಥವರು ಇದಕ್ಕೆ ಉಲ್ಟಾ ಮಾಡಬೇಕು: ಫ್ರಂಟ್ ‘ಲಾರ್ಜ್’, ಸಬ್‌ವೂಫರ್ ‘ನೋ’. ‘ಯೆಸ್’ ಅಂತ ಬಿಟ್ಟರೆ ಕೇಬಲ್ ಇಲ್ಲದ ಕಡೆಗೆ ಬಾಸ್ ಹೋಗಿ ಮಾಯವಾಗುತ್ತೆ.

ಈಗ ಸೋಫಾ. ನಿಮ್ಮ 18 ಅಡಿ ಉದ್ದದ ಹಾಲ್‌ನಲ್ಲಿ ಸುಮಾರು 31 ಹರ್ಟ್ಸ್ ಮತ್ತು 62 ಹರ್ಟ್ಸ್ ಸದ್ದು ಎರಡು ಗೋಡೆಗಳ ನಡುವೆ ಹೋಗಿಬಂದು ಅಲ್ಲೇ ಮೊಳಗುತ್ತಿರುತ್ತೆ. ಅದು ಅತಿ ಜೋರಾಗಿರುವುದು ಗೋಡೆಯ ಪಕ್ಕದಲ್ಲೇ, ಅಂದರೆ ನೀವು ಕೂತಲ್ಲೇ. ಹಾಲ್‌ನ ನಟ್ಟನಡುವೆ ಕೂತರೆ 31 ಹರ್ಟ್ಸ್ ಹೆಚ್ಚುಕಡಿಮೆ ಇಲ್ಲವಾಗುತ್ತೆ, ಅದೂ ಬೇಡ. ಹಿಂಬದಿ ಗೋಡೆಯಿಂದ 6 ಅಡಿ ಮುಂದಕ್ಕೆ ಸೋಫಾ ತನ್ನಿ. ಅಷ್ಟು ಆಗದಿದ್ದರೆ 3 ಅಡಿಯಾದರೂ ಸರಿಸಿ. ಮನೆಯವರು ಒಪ್ಪದಿದ್ದರೆ ಸಿನಿಮಾ ನೋಡುವಾಗ ಮಾತ್ರ ಮುಂದಕ್ಕೆ ಎಳೆದುಕೊಳ್ಳಿ. ದುಡ್ಡು ಕೊಟ್ಟು ತರುವ ಯಾವ ಸಾಮಾನೂ ಇಷ್ಟು ಫಲ ಕೊಡುವುದಿಲ್ಲ.

ಮಾರಬೇಡಿ ಅಂದೆನಲ್ಲ, ಅದಕ್ಕೆ ಇನ್ನೊಂದು ಗಟ್ಟಿ ಕಾರಣ ಇದೆ. ನಿಮ್ಮ ಹಾಲ್‌ನ 12 ಅಡಿ ಅಗಲಕ್ಕೂ ಒಂದು ಇಂಥ ಸದ್ದು ಉಂಟು, ಸುಮಾರು 47 ಹರ್ಟ್ಸ್‌ನದು. ಒಂದೇ ಸಬ್‌ವೂಫರ್ ತಂದು ಮೂಲೆಗೆ ಇಟ್ಟರೆ ಅದು ಚೆನ್ನಾಗಿ ಕೆರಳುತ್ತೆ. ಆದರೆ ಎಡಕ್ಕೊಂದು ಬಲಕ್ಕೊಂದು, ಪಕ್ಕದ ಗೋಡೆಗಳಿಂದ ಸಮ ದೂರದಲ್ಲಿ, ಎರಡು ಸಬ್‌ವೂಫರ್ ಒಂದೇ ಬಾಸ್ ಬಾರಿಸಿದರೆ ಅವು ಪರಸ್ಪರ ಅದನ್ನು ಅಡಗಿಸುತ್ತವೆ. ನಿಮ್ಮ ಟವರ್‌ಗಳು ಈಗಾಗಲೇ ಆ ಜಾಗದಲ್ಲೇ ಇವೆ! ಪಕ್ಕದ ಗೋಡೆಗಳಿಂದ ಎರಡಕ್ಕೂ ಒಂದೇ ಅಳತೆ ಇದೆಯಾ, ಹಿಂದಿನ ಬಾಸ್ ತಿರುಗಣೆ ಎರಡರಲ್ಲೂ ಒಂದೇ ಕಡೆ ಇದೆಯಾ ನೋಡಿಕೊಳ್ಳಿ. ಸುಮಾರು ಅರ್ಧದಿಂದ ಶುರು ಮಾಡಿ. ಆಟೋ ಸೆಟಪ್ ಮುಗಿದ ಮೇಲೆ ಸಬ್‌ವೂಫರ್ ಲೆವೆಲ್ ಮೈನಸ್ 12 ತೋರಿಸಿದರೆ ತಿರುಗಣೆ ಇನ್ನೂ ಇಳಿಸಿ, ಮತ್ತೆ ಸೆಟಪ್ ಮಾಡಿ.

ಮನೆಯ ವಿಷಯದಲ್ಲಿ ನೀವು ಪುಣ್ಯವಂತರು. ಹಲಗೆ ಮುಚ್ಚಿಗೆ ಸ್ವಲ್ಪ ಅದುರಿ ಬಾಸನ್ನು ಹೀರಿಕೊಳ್ಳುತ್ತೆ. ಆರ್‌ಸಿಸಿ ಮನೆಯಲ್ಲಿ ಆ ಅನುಕೂಲ ಇಲ್ಲ. ಹಳೇ ಮನೆಯ ತಕರಾರು ಬೇರೆ, ಅಲ್ಲಿ ಏನಾದರೊಂದು ಗಿರಗಿರ ಅನ್ನುತ್ತಿರುತ್ತೆ. ಷೋಕೇಸ್ ಗಾಜು, ಫೋಟೋ ಫ್ರೇಮು, ಗೋಡೆಗೆ ನೇತುಹಾಕಿದ ಒಡಿಕತ್ತಿ (ಕೊಡವರ ಕತ್ತಿ), ಕೋವಿ. ಒಬ್ಬರು ಬಾಸ್ ಇರುವ ದೃಶ್ಯ ಹಾಕಲಿ, ಇನ್ನೊಬ್ಬರು ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿದು ನೋಡಲಿ. ಸಿಕ್ಕಿದ್ದಕ್ಕೆ ಹಿಂದೆ ಫೆಲ್ಟ್ ಅಂಟಿಸಿದರೆ ಸಾಕು.

ಮಳೆಗಾಲದ ಮಾತಿಗೆ ಬರೋಣ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮಾತಿನ ಸ, ತ, ಕ ಅಕ್ಷರಗಳನ್ನು ನುಂಗಿಬಿಡುತ್ತೆ. ಆಗ ಎಲ್ಲರೂ ವಾಲ್ಯೂಮ್ ಏರಿಸುತ್ತಾರೆ, ಬಾಸೂ ಏರುತ್ತೆ. ಮಾತು ಬರುವ ನಡುವಿನ ಸ್ಪೀಕರ್, ಅಂದರೆ ಸೆಂಟರ್ ಸ್ಪೀಕರ್ ಇದ್ದರೆ ಅದೊಂದನ್ನೇ 2–3 ಡೆಸಿಬೆಲ್ ಏರಿಸಿ. ಇಲ್ಲದಿದ್ದರೆ, ನಿಮ್ಮ ದುಡ್ಡು ಹೋಗಬೇಕಾದದ್ದು ಸೆಂಟರ್‌ಗೆ, ಸಬ್‌ವೂಫರ್‌ಗೆ ಅಲ್ಲ.

ನಮ್ಮ ಜಿಲ್ಲೆಯಲ್ಲಿ ಇಂಥ ಟವರ್ ಇಟ್ಟುಕೊಂಡ ಎಲ್ಲರಿಗೂ ಇನ್ನೊಂದು ಮಾತು. ಸಾದಾ ಸ್ಪೀಕರ್‌ಗೆ ಕರೆಂಟ್ ಬೇಡ. ಇದರೊಳಗೆ ಆಂಪ್ಲಿಫೈಯರ್ ಇದೆ, ಅದು ಸದಾ ಪ್ಲಗ್‌ನಲ್ಲೇ ಇರುತ್ತೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಳೆದ ಮೇಲೆ ಮಡಿಕೇರಿಯ ನನ್ನ ಬೆಂಚಿಗೆ ಬರುವ ಸುಟ್ಟ ಬೋರ್ಡ್‌ಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಡಿಶ್ ಕೇಬಲ್, ಇಂಟರ್‌ನೆಟ್ ಕೇಬಲ್ ಕೂಡ ಕೀಳಿ, ಸಿಡಿಲು ಅದರಲ್ಲೂ ಬರುತ್ತೆ. ಇನ್ವರ್ಟರ್‌ನಲ್ಲಿ ನಡೆಸುವುದಾದರೆ ಸೈನ್ ವೇವ್‌ನದೇ ಆಗಬೇಕು. ಜೂನ್ ಬಂತೆಂದರೆ ನೆಲ ಬೆವರುತ್ತೆ, ಟವರ್‌ನ ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ತಳ ಉಬ್ಬುತ್ತೆ. ಕೆಳಗೆ ಗ್ರಾನೈಟ್ ತುಂಡು ಇಡಿ, ತೇವ ಹಿಡಿಯುವ ಗೋಡೆಯಿಂದ ಒಂದಡಿಯಾದರೂ ದೂರ ಇರಲಿ. ಬಟ್ಟೆಯ ಗ್ರಿಲ್‌ಗೆ ಬೂಸ್ಟು ಬಂದರೆ ಬಿಸಿಲು ಬಿದ್ದ ದಿನ ಬಿಚ್ಚಿ ಒಣಗಿಸಿ.

ಪ್ರಶ್ನೆ: ಕುಶಾಲನಗರದಲ್ಲಿ ಬಾಡಿಗೆ ಮನೆ. ಹೊಸದಾಗಿ ತಗೊಳ್ಳುವವನು ನಾನು. ಸಬ್‌ವೂಫರ್ ಇರುವ ಟವರೋ, ಸಣ್ಣ ಸ್ಪೀಕರ್ ಜೊತೆ ಬೇರೆ ಸಬ್‌ವೂಫರೋ?

ಉತ್ತರ: ಬಾಡಿಗೆ ಮನೆಗೆ ಎರಡನೆಯದು. ನಾಳೆ ಹಾಲ್ ಬದಲಾದರೆ ಸಬ್‌ವೂಫರನ್ನು ಬೇಕಾದ ಮೂಲೆಗೆ ಸರಿಸಬಹುದು. ಟವರನ್ನು ಟಿವಿ ಪಕ್ಕದಲ್ಲೇ ಇಡಬೇಕು, ಬಾಸ್‌ಗೆ ಆ ಜಾಗ ಒಗ್ಗದಿದ್ದರೂ. ಸ್ವಂತ ಮನೆ ಆದ ಮೇಲೆ, ಹಾಲ್‌ನಲ್ಲಿ ಇನ್ನೊಂದು ದೊಡ್ಡ ಪೆಟ್ಟಿಗೆ ಬೇಡ ಅನ್ನಿಸಿದರೆ ಟವರ್ ಬಹಳ ಒಳ್ಳೆಯದು. ಇದು ಹೊಸ ಗಿಮಿಕ್ ಏನಲ್ಲ. ಅಮೆರಿಕದ ಡೆಫಿನಿಟಿವ್ ಟೆಕ್ನಾಲಜಿ 1990ರ ದಶಕದಲ್ಲೇ ಇಂಥವನ್ನು ಮಾಡಿತ್ತು. ಅದನ್ನು ಕಟ್ಟಿದ ಸ್ಯಾಂಡಿ ಗ್ರಾಸ್ ಮುಂದೆ 2010ರಲ್ಲಿ ಗೋಲ್ಡನ್‌ಇಯರ್ ಶುರು ಮಾಡಿ ಅದೇ ದಾರಿ ಹಿಡಿದರು. ಕೊಳ್ಳುವ ಮೊದಲು ಅಂಗಡಿಯಲ್ಲಿ ಎಷ್ಟು ವಾಟ್ ಪವರ್ ಅಂತ ಕೇಳಬೇಡಿ. ಒಳಗಿನ ಆಂಪ್ಲಿಫೈಯರ್ ಕೆಟ್ಟರೆ ಅದೊಂದೇ ಬಿಡಿಯಾಗಿ ಇಲ್ಲಿ ಸಿಗುತ್ತಾ ಅಂತ ಕೇಳಿ.

ಪ್ರಶ್ನೆ: ನಾಪೋಕ್ಲು. ಎರಡು ಟವರ್‌ಗಳಲ್ಲಿ ಒಂದರ ಬಾಸ್ ನಿಂತುಹೋಗಿದೆ, ಮಾತು ಹಾಡು ಬರುತ್ತೆ. ಇಡೀ ಟವರನ್ನು ಮೈಸೂರಿಗೆ ಸಾಗಿಸಬೇಕಾ?

ಉತ್ತರ: ಬೇಡ. ಮೇಲಿನ ಸ್ಪೀಕರ್‌ಗಳು ರಿಸೀವರ್‌ನಿಂದ ನಡೆಯುತ್ತವೆ, ಅದಕ್ಕೇ ಮಾತು ಬರುತ್ತಿದೆ. ನಿಂತಿರುವುದು ಒಳಗಿನ ಆಂಪ್ಲಿಫೈಯರ್ ಇರಬೇಕು. ಮೊದಲು ಸರಿಯಿರುವ ಟವರ್‌ನ ಕರೆಂಟ್ ವೈರು, ಕೇಬಲ್ಲು ಇದಕ್ಕೆ ಹಾಕಿ ನೋಡಿ. ಆಗಲೂ ಬಾರದಿದ್ದರೆ ಪ್ಲಗ್ ಕಿತ್ತು ಹಿಂದಿನ ಫ್ಯೂಸ್ ನೋಡಿ. ಅದೂ ಸರಿಯಿದ್ದರೆ, ಆಂಪ್ಲಿಫೈಯರ್ ಕೂತಿರುವ ಹಿಂಬದಿಯ ಲೋಹದ ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆದು, ವೈರ್‌ಗಳ ಫೋಟೋ ತೆಗೆದಿಟ್ಟುಕೊಂಡು, ಅದನ್ನು ಮಾತ್ರ ಕಳಿಸಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ, ಹಾಗಾಗಿ ಈ ಬಿಚ್ಚುವ ಕೆಲಸಕ್ಕೆ ಊರಿನ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್‌ನನ್ನು ಕರೆಯಿರಿ. ಅದು ವಾಪಸ್ ಬರುವ ತನಕ ಇನ್ನೊಂದು ಟವರ್‌ನ ಬಾಸ್ ಏರಿಸಬೇಡಿ, ಇದ್ದಷ್ಟೇ ಇರಲಿ.